ಫಿಲ್ಮ್ ಸ್ಕ್ಯಾನರ್: ಹೊರದೇಶದಿಂದ ತರಿಸೋದಾ, ಇಲ್ಲೇ ತಗೊಳ್ಳೋದಾ? (ಕಾರವಾರ)

ಕಾಳಿ_ದಂಡೆ:

ಹಳೇ ಸ್ಟುಡಿಯೋ ಒಂದರ ನೆಗೆಟಿವ್‌ಗಳನ್ನು ಸ್ಕ್ಯಾನ್ ಮಾಡಬೇಕಾಗಿದೆ. 35 ಎಂಎಂ ಕಲರ್ ನೆಗೆಟಿವ್ ಸುಮಾರು 1,400 ಫ್ರೇಮ್. 120ರ (35 ಎಂಎಂಗಿಂತ ಅಗಲದ ರೋಲ್ ಫಿಲ್ಮ್) ಕಪ್ಪು-ಬಿಳುಪು, 6×6 ಸೆಂ.ಮೀ., ಸುಮಾರು 300 ಫ್ರೇಮ್, ಹೆಚ್ಚಿನವು ಊಟಿಯಲ್ಲಿ ತಯಾರಾಗ್ತಿದ್ದ ‘ಇಂದು’ ಬ್ರ್ಯಾಂಡ್ ಫಿಲ್ಮ್. ಮೌಂಟ್ ಹಾಕಿದ ಸ್ಲೈಡ್ 60. ಕೆಲವಕ್ಕೆ ಬೂಷ್ಟು ಹಿಡಿದಿದೆ. ಬಹುತೇಕ 8×12 ಇಂಚಿನ ಪ್ರಿಂಟ್ ಬೇಕು, ಹತ್ತಿಪ್ಪತ್ತು ಮಾತ್ರ ಗೋಡೆಗೆ ಹಾಕೋ ದೊಡ್ಡವು.

ಕಣ್ಣಿಗೆ ಬಿದ್ದಿರೋ ದಾರಿಗಳು: ಜಪಾನಿನಿಂದ ಸೆಕೆಂಡ್ ಹ್ಯಾಂಡ್ ನಿಕಾನ್ ಕೂಲ್‌ಸ್ಕ್ಯಾನ್ ವಿ ಇಡಿ. ಇಲ್ಲೇ ಡೀಲರ್ ಮೂಲಕ ಹೊಸ ಪ್ಲಸ್‌ಟೆಕ್. ಇಲ್ಲದಿದ್ದರೆ ಫ್ಲಾಟ್‌ಬೆಡ್ (ಗಾಜಿನ ಮೇಲೆ ಇಟ್ಟು ಸ್ಕ್ಯಾನ್ ಮಾಡೋದು), ಎಪ್ಸನ್ ವಿ600 ಅಥವಾ ವಿ850. ಭಾವ ದುಬೈನಿಂದ ಡಿಸೆಂಬರಿನಲ್ಲಿ ಬರ್ತಾರೆ, ಅವರ ಕೈಲಿ ತರಿಸಲೂಬಹುದು. ಯಾವುದು ಸೈ?

ಶಿರಸಿ_ಡಾರ್ಕ್‌ರೂಮ್:

ಯಾವ ದೇಶದಿಂದ ಅನ್ನೋದು ಆಮೇಲಿನ ಮಾತು, ಮೊದಲು ನಿಮ್ಮ 120 ನೋಡಿ. ಕೂಲ್‌ಸ್ಕ್ಯಾನ್ ವಿ ಆಗಲಿ, ಪ್ಲಸ್‌ಟೆಕ್ 8100, 8200ಐ ಆಗಲಿ, 120 ಫಿಲ್ಮ್ ಒಳಗೆ ಹೋಗೋದೇ ಇಲ್ಲ. 120 ಹಿಡಿಯೋ ಕೂಲ್‌ಸ್ಕ್ಯಾನ್ ಅಂದ್ರೆ 8000 ಮತ್ತು 9000. ಅವೆರಡಕ್ಕೂ ಫೈರ್‌ವೈರ್ ಕಾರ್ಡ್ (ಹಳೇ ಬಗೆಯ ಕೇಬಲ್ ಹಾಕೋಕೆ) ಬೇಕು, ಬೆಲೆಯೂ ಎಟುಕೋದಲ್ಲ.

ಡಬ್ಬದ ಮೇಲಿನ ಡಿಪಿಐ (ಒಂದಿಂಚಿಗೆ ಎಷ್ಟು ಚುಕ್ಕೆ ಅನ್ನೋ ಲೆಕ್ಕ) ನಂಬಬೇಡಿ. ಎಪ್ಸನ್ ವಿ600 ಮೇಲೆ 6400 ಅಂತ ಇರುತ್ತದೆ. ಟೆಸ್ಟ್ ಚಾರ್ಟ್ ಇಟ್ಟು ಅಳೆದರೆ ನಿಜವಾಗಿ ಸಿಗೋದು 1,600ರ ಆಸುಪಾಸು. ವಿ850 ಸುಮಾರು 2,300. ಪ್ಲಸ್‌ಟೆಕ್ 8200ಐ ಮೇಲೆ 7200 ಅಂತಿದ್ದರೂ ನಿಜದಲ್ಲಿ 3,200ರ ಮೇಲೆ ಸ್ವಲ್ಪ. ಕೂಲ್‌ಸ್ಕ್ಯಾನ್ ವಿ 4000 ಅಂತ ಹೇಳಿ ಹೆಚ್ಚುಕಮ್ಮಿ ಅಷ್ಟನ್ನೇ ಕೊಡುತ್ತದೆ, ಜನ ಇವತ್ತಿಗೂ ಅದರ ಹಿಂದೆ ಬೀಳೋದು ಅದಕ್ಕೇ.

ಇದನ್ನು ನಿಮ್ಮ ಪ್ರಿಂಟಿಗೆ ಹಚ್ಚಿ ನೋಡಿ. 35 ಎಂಎಂ ಫ್ರೇಮ್ ಅಂದ್ರೆ 36×24 ಮಿಲಿಮೀಟರ್. 1,600 ಡಿಪಿಐ ಲೆಕ್ಕದಲ್ಲಿ 2268×1512 ಪಿಕ್ಸೆಲ್, ಅಂದ್ರೆ 300 ಡಿಪಿಐ ಪ್ರಿಂಟಿಗೆ ಏಳೂವರೆ ಇಂಚು × ಐದು ಇಂಚು. 8×12ಕ್ಕೆ 3600×2400 ಬೇಕು. ಹಾಗಾಗಿ ವಿ600ನಲ್ಲಿ 35 ಎಂಎಂ ಸ್ಕ್ಯಾನ್ ಮಾಡಿ 8×12 ತೆಗೆದರೆ ಮೆತ್ತಗೆ ಕಾಣುತ್ತದೆ, ಫೈಲ್ ಎಷ್ಟೇ ದೊಡ್ಡದಿರಲಿ. ಅದೇ ವಿ600ಗೆ 6×6 ಕೊಡಿ: ಫ್ರೇಮ್ 56 ಮಿಮೀ, ಅದೇ 1,600ಕ್ಕೆ 3528 ಪಿಕ್ಸೆಲ್ ಒಂದು ಬದಿಗೆ. 10×10 ಇಂಚು ಆರಾಮಾಗಿ ಬರುತ್ತದೆ. ಫ್ಲಾಟ್‌ಬೆಡ್ 120ಕ್ಕೆ ಒಳ್ಳೆಯದು, 35ಕ್ಕೆ ಕಾಂಟ್ಯಾಕ್ಟ್ ಶೀಟ್ ಮಟ್ಟ, ಅಂದ್ರೆ ಯಾವ ಚಿತ್ರ ಅಂತ ಗುರುತು ಹಿಡಿಯೋಕೆ ಮಾತ್ರ.

ಇನ್ನು ‘ಇಂದು’ ಫಿಲ್ಮ್. ಧೂಳು-ಗೀರು ತೆಗೆಯೋ ಇನ್ಫ್ರಾರೆಡ್ ಸೌಲಭ್ಯ, ಎಪ್ಸನ್ ಮತ್ತು ನಿಕಾನ್‌ನಲ್ಲಿ ಡಿಜಿಟಲ್ ಐಸ್, ಪ್ಲಸ್‌ಟೆಕ್‌ನಲ್ಲಿ ಐಎಸ್‌ಆರ್‌ಡಿ, ಕಪ್ಪು-ಬಿಳುಪಿಗೆ ನಡೆಯೋದಿಲ್ಲ. ಕಲರ್ ಫಿಲ್ಮಿನಲ್ಲಿ ಚಿತ್ರ ಇರೋದು ಬಣ್ಣದ ಡೈನಲ್ಲಿ, ಇನ್ಫ್ರಾರೆಡ್ ಅದರ ಮೂಲಕ ಸಲೀಸಾಗಿ ದಾಟುತ್ತದೆ, ಧೂಳು ಮಾತ್ರ ಅಡ್ಡ ನಿಲ್ಲುತ್ತದೆ. ಕಪ್ಪು-ಬಿಳುಪಿನಲ್ಲಿ ಚಿತ್ರವೇ ಬೆಳ್ಳಿ. ಅದೂ ಇನ್ಫ್ರಾರೆಡ್ ತಡೆಯುತ್ತದೆ. ಸಾಫ್ಟ್‌ವೇರ್ ಮುಖವನ್ನೇ ಧೂಳು ಅಂದ್ಕೊಂಡು ಒರೆಸಿ ಹಾಕುತ್ತದೆ, ಮೀಸೆ, ಸೀರೆಯಂಚು ಎಲ್ಲ ಮೇಣದ ಹಾಗೆ ಕರಗಿದಂತೆ. ಆ 300 ಫ್ರೇಮಿಗೆ ಅದನ್ನು ಆಫ್ ಮಾಡಿಯೇ ಸ್ಕ್ಯಾನ್ ಮಾಡಬೇಕು.

1,400 ಕಲರ್ ಫ್ರೇಮಿಗೆ ಮಾತ್ರ ಇನ್ಫ್ರಾರೆಡ್ ಇಲ್ಲದೆ ಕೈ ಹಾಕಬೇಡಿ. ಪ್ಲಸ್‌ಟೆಕ್ ತಗೊಂಡರೆ ಹೆಸರಿನ ಕೊನೆಯ ‘ಐ’ ನೋಡಿಕೊಳ್ಳಿ. 8100ನಲ್ಲಿ ಇನ್ಫ್ರಾರೆಡ್ ಇಲ್ಲ, 8200ಐನಲ್ಲಿ ಇದೆ.

ಬಂದರ್_ರೋಡ್:

ಜಪಾನ್ ಕೂಲ್‌ಸ್ಕ್ಯಾನ್ ಬಗ್ಗೆ ಒಂದು ಅಡ್ಡಿ ಹೇಳ್ತೇನೆ, ಇದನ್ನು ಯಾರೂ ಮೊದಲೇ ಹೇಳೋದಿಲ್ಲ. ಸ್ಕ್ಯಾನರ್ ಎಲೆಕ್ಟ್ರಾನಿಕ್ಸ್ ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲಿದೆ, ಅಂದ್ರೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಬೇಕಾದ ಸಾಮಾನು. ಆ ಪಟ್ಟಿಯಲ್ಲಿರೋ ಸಾಮಾನು ಸೆಕೆಂಡ್ ಹ್ಯಾಂಡ್ ಆದರೆ ವಿದೇಶ ವ್ಯಾಪಾರ ನೀತಿಯಲ್ಲಿ ‘ನಿರ್ಬಂಧಿತ’. ಡಿಜಿಎಫ್‌ಟಿ (ವಿದೇಶ ವ್ಯಾಪಾರ ಮಹಾನಿರ್ದೇಶನಾಲಯ) ಅನುಮತಿ ಪತ್ರ ಇಲ್ಲದೆ ತರಿಸೋ ಹಾಗಿಲ್ಲ. ಒಂದೊಂದು ಪಾರ್ಸೆಲ್ ಪರೀಕ್ಷೆಗೆ ಬೀಳದೆ ದಾಟುತ್ತದೆ, ಅದನ್ನು ನೋಡಿ ‘ಏನೂ ಆಗೋದಿಲ್ಲ’ ಅನ್ನೋರು ಇದ್ದಾರೆ. ಸಿಕ್ಕಿಬಿದ್ದರೆ ದಂಡ ಕಟ್ಟಬೇಕು ಅಥವಾ ಬಿಟ್ಟುಕೊಡಬೇಕು, ಅದರ ಮೇಲೆ ಗೋದಾಮು ಬಾಡಿಗೆ ದಿನದ ಲೆಕ್ಕದಲ್ಲಿ ಏರುತ್ತದೆ. ಮಾರಿದವ ದುಡ್ಡು ವಾಪಸ್ ಕೊಡೋದಿಲ್ಲ, ಅವನ ಕಡೆಯಿಂದ ಸಾಮಾನು ಹೊರಟಾಗಿದೆ.

ಹೊಸದನ್ನೇ ತರಿಸಿದರೂ ಡ್ಯೂಟಿ ಲೆಕ್ಕ ಬರೀ ಸಾಮಾನಿನ ಬೆಲೆ ಮೇಲಲ್ಲ. ಬೆಲೆ, ಸಾಗಣೆ, ವಿಮೆ ಮೂರೂ ಕೂಡಿಸಿದ ಮೊತ್ತದ ಮೇಲೆ ಮೂಲ ಸುಂಕ. ಆ ಸುಂಕದ ಶೇ. 10 ಸಮಾಜ ಕಲ್ಯಾಣ ಸರ್ಚಾರ್ಜ್. ಇಷ್ಟೂ ಸೇರಿಸಿ ಬಂದದ್ದರ ಮೇಲೆ ಆಮದಿನ ಜಿಎಸ್‌ಟಿ, ಅಂದ್ರೆ ಐಜಿಎಸ್‌ಟಿ. ಲೆಕ್ಕ ತಿಳಿಯಲಿ ಅಂತ ಮೂಲ ಸುಂಕ ಶೇ. 10, ಐಜಿಎಸ್‌ಟಿ ಶೇ. 18 ಅಂತ ಇಟ್ಟುಕೊಳ್ಳಿ. ಸ್ಕ್ಯಾನರ್ ₹30,000, ಸಾಗಣೆ-ವಿಮೆ ₹5,000. 35,000ಕ್ಕೆ ಸುಂಕ 3,500, ಸರ್ಚಾರ್ಜ್ 350, ಒಟ್ಟು 38,850. ಅದರ ಮೇಲೆ ಐಜಿಎಸ್‌ಟಿ 6,993. ತೆರಿಗೆಗೇ ಕೈಯಿಂದ ಹೋಗೋದು 10,843. ಅದರಾಚೆ ಕೊರಿಯರ್‌ನವರು ಸುಂಕ ಮುಂಗಡ ಕಟ್ಟಿದ್ದಕ್ಕೆ ತಮ್ಮ ಶುಲ್ಕ ಮತ್ತು ಅದಕ್ಕೆ ಜಿಎಸ್‌ಟಿ ಹಾಕ್ತಾರೆ. ಸ್ವಂತ ಬಳಕೆಗೆ ತರಿಸಿದ ಸಾಮಾನು 9804 ಶೀರ್ಷಿಕೆಯಡಿ ಬರುತ್ತದೆ, ಕಂಪ್ಯೂಟರ್ ಸ್ಕ್ಯಾನರಿನ 8471ರ ದರ ಅದಕ್ಕೆ ಹಚ್ಚೋದಿಲ್ಲ. ಬಜೆಟ್ ಬಂದಾಗ ದರ ಬದಲಾಗುತ್ತದೆ, ಆರ್ಡರ್ ಮಾಡೋ ದಿನವೇ ಕಸ್ಟಮ್ಸ್‌ನವರ ಐಸ್‌ಗೇಟ್ ಲೆಕ್ಕಪೆಟ್ಟಿಗೆಯಲ್ಲಿ ನೋಡಿ.

‘ಗಿಫ್ಟ್ ಅಂತ ಬರೆಸಿ’ ಅನ್ನೋ ಉಪದೇಶ ಕಿವಿಗೆ ಹಾಕಿಕೊಳ್ಳಬೇಡಿ. ₹5,000ದವರೆಗಿನ ಗಿಫ್ಟ್ ವಿನಾಯಿತಿ 2019ರ ಡಿಸೆಂಬರಿನಲ್ಲೇ ಹೋಯಿತು, ರಾಖಿ ಮತ್ತು ಜೀವರಕ್ಷಕ ಔಷಧ ಬಿಟ್ಟು. ಬೆಲೆ ಕಡಿಮೆ ಬರೆಸಿದರೆ ವಿಮೆಯೂ ಅಷ್ಟಕ್ಕೇ. ಗಾಜು ಒಡೆದು ಬಂದರೆ ಗೊತ್ತಾಗುತ್ತದೆ.

ಬಂದರು ನಮ್ಮೂರಲ್ಲೇ ಇದ್ದರೇನು, ಪಾರ್ಸೆಲ್ ಇಳಿಯೋದು ಮುಂಬೈಲೋ ದಿಲ್ಲಿಲೋ. ಆಧಾರ್ ಅಥವಾ ಪ್ಯಾನ್ ಕೊರಿಯರ್‌ನ ಕೆವೈಸಿ ಪುಟಕ್ಕೆ ಮೊದಲೇ ಹಾಕಿಡಿ, ವಿಳಾಸ ಮತ್ತು ಹೆಸರು ಬಿಲ್ಲಿನಲ್ಲಿ ಇದ್ದಂತೆಯೇ ಇರಲಿ. ಅರ್ಧ ತಡ ಆಗೋದು ಅಲ್ಲೇ.

ಭಾವನ ದಾರಿ ಇವೆಲ್ಲಕ್ಕಿಂತ ಸುಲಭ. ಪ್ಲಸ್‌ಟೆಕ್ 8200ಐ ಒಂದೂವರೆ ಕಿಲೋದ ಮೇಲೆ ಸ್ವಲ್ಪ, ಬ್ಯಾಗಿನಲ್ಲಿ ಹಿಡಿಸುತ್ತದೆ. ವಿ600 ನಾಲ್ಕು ಕಿಲೋ, ವಿ850 ಆರೂವರೆ ದಾಟುತ್ತದೆ, ಮೇಲಾಗಿ ಅರ್ಧ ಮೀಟರ್ ಉದ್ದ. ಬ್ಯಾಗೇಜ್ ವಿನಾಯಿತಿ 2016ರ ನಿಯಮದಲ್ಲಿ ₹50,000 ಇತ್ತು, ಹೊರಡೋ ಮುಂಚೆ ಆಗಿನ ಮಿತಿ ನೋಡಿಕೊಳ್ಳಲಿ. ಬಿಲ್ ಜೊತೆಗಿರಲಿ. ಆದರೆ ಅಲ್ಲಿಯ ವಾರಂಟಿ ಇಲ್ಲಿ ನಡೆಯುತ್ತದೆ ಅಂತ ಎಣಿಸಬೇಡಿ. ಕೆಟ್ಟರೆ ಮುಂದಿನ ರಜೆಗೆ ಭಾವನೇ ಹೊತ್ತುಕೊಂಡು ಹೋಗಬೇಕು.

ಕುಮಟಾ_ಲೈಟ್‌ಬಾಕ್ಸ್:

ಎಲ್ಲರೂ ಸ್ಕ್ಯಾನರ್ ಸ್ಕ್ಯಾನರ್ ಅಂತಿದ್ದೀರಿ. ಮನೆಯಲ್ಲಿ ಕ್ಯಾಮೆರಾ ಇದ್ದರೆ 120ಕ್ಕೆ ಫ್ಲಾಟ್‌ಬೆಡ್ ಯಾಕೆ ಬೇಕು ಮಾರಾಯ್ರೆ? ಕಪ್ಪು-ಬಿಳುಪಿಗೆ ಇನ್ಫ್ರಾರೆಡ್ ಹೇಗೂ ಉಪಯೋಗಕ್ಕಿಲ್ಲ. ಒಂದು ಮ್ಯಾಕ್ರೋ (ತೀರ ಹತ್ತಿರದಿಂದ ತೆಗೆಯೋ) ಲೆನ್ಸ್, ಕೆಳಗೆ ಎಲ್‌ಇಡಿ ಪ್ಯಾನಲ್, ಕ್ಯಾಮೆರಾ ಕೆಳಮುಖ ಹಿಡಿಯೋ ಕಾಪಿ ಸ್ಟ್ಯಾಂಡ್ ಸಾಕು, ನೆಗೆಟಿವ್ ಇಟ್ಟು ಫೋಟೋ ತೆಗೆದರಾಯಿತು. ಕ್ಯಾಮೆರಾ ಯಾವುದು ಅಂತ ಹೇಳಿ.

ಕಾಳಿ_ದಂಡೆ:

ನಿಕಾನ್ ಡಿ7500 ಇದೆ. ಮ್ಯಾಕ್ರೋ ಲೆನ್ಸ್ ಬಾಡಿಗೆಗೆ ಸಿಗುತ್ತದೆ. ಹಾಗಾದರೆ 1,400 ಕಲರನ್ನೂ ಕ್ಯಾಮೆರಾದಲ್ಲೇ ಮುಗಿಸಬಹುದಲ್ದಾ? ಇನ್ನೊಂದು ಪ್ರಶ್ನೆ: ‘ಇಲ್ಲೇ’ ಅಂತ ಆನ್‌ಲೈನಿನಲ್ಲಿ ಮಾರೋರಲ್ಲಿ ಕೆಲವರದ್ದು ನಿಜವಾಗಿ ಕಂಪನಿಯ ಮಾಲೋ, ಯಾರೋ ತರಿಸಿ ಮಾರ್ತಿರೋದೋ, ಹೇಗೆ ತಿಳಿಯೋದು?

ಕುಮಟಾ_ಲೈಟ್‌ಬಾಕ್ಸ್:

ಡಿ7500 ಅಂದ್ರೆ 5568×3712. ಚೌಕ ಫ್ರೇಮಿಗೆ ಸೆನ್ಸಾರಿನ ಎತ್ತರ ಮಾತ್ರ ಸಿಗುತ್ತದೆ, 56 ಮಿಮೀಗೆ 3712 ಪಿಕ್ಸೆಲ್, ಹತ್ತಿರ ಹತ್ತಿರ 1,680 ಡಿಪಿಐ. ವಿ600ರ ನಿಜ ಮಟ್ಟ ಅದೇ. ಗೋಡೆಗೆ ಹಾಕೋವನ್ನು ನಾಲ್ಕು ತುಂಡಾಗಿ ತೆಗೆದು ಜೋಡಿಸಿ, ವಿ850ನ್ನೂ ಹಿಂದಿಕ್ಕುತ್ತದೆ.

ಪ್ಯಾನಲ್‌ಗೂ ಫಿಲ್ಮಿಗೂ ಮೂರರಿಂದ ಐದು ಸೆಂಟಿಮೀಟರ್ ಅಂತರ ಇರಲಿ. ಅಂಟಿಸಿಟ್ಟರೆ ಪ್ಯಾನಲ್ ಮೇಲಿನ ಧೂಳೂ ಫೋಟೋದಲ್ಲಿ ಬರುತ್ತದೆ. ಫ್ರೇಮ್ ಸುತ್ತ ಬೆಳಕು ಇಣುಕದಂತೆ ಕಪ್ಪು ರಟ್ಟು ಕತ್ತರಿಸಿ ಮುಚ್ಚಿ, ಇಲ್ಲದಿದ್ದರೆ ನೆರಳು ಭಾಗ ಬೂದಿಯಾಗುತ್ತದೆ. ಕ್ಯಾಮೆರಾ ನೇರ ಕೂತಿದೆಯಾ ಅನ್ನೋದಕ್ಕೆ ಫಿಲ್ಮ್ ಇಡೋ ಜಾಗದಲ್ಲಿ ಸಣ್ಣ ಕನ್ನಡಿ ಇಡಿ: ಲೆನ್ಸಿನ ಪ್ರತಿಬಿಂಬ ಫ್ರೇಮಿನ ನಡುಮಧ್ಯ ಕಂಡರೆ ಸರಿ, ಒಂದು ಕಡೆ ಜಾರಿದರೆ ಆ ಬದಿ ಮಸುಕು. ಎಫ್8, ಐಎಸ್‌ಒ 100, ಎರಡು ಸೆಕೆಂಡ್ ಟೈಮರ್. ಫ್ಯಾನ್ ಬಂದ್ ಮಾಡಿ. ಸೆಕೆಯಲ್ಲಿ ಕಷ್ಟ, ಆದರೆ ಸ್ಟ್ಯಾಂಡ್ ಅಲುಗೋದು ಅದರಿಂದಲೇ.

1,400 ಕಲರಿಗೆ ಮಾತ್ರ ನಾನೂ ಶಿರಸಿಯವರ ಪಕ್ಷ. ಶಾಟ್ ತೆಗೆಯೋದು ಬೇಗ ಮುಗಿಯುತ್ತದೆ, ಆರು ಫ್ರೇಮಿನ ಪಟ್ಟಿಗೆ ಒಂದೆರಡು ನಿಮಿಷ. ಕ್ಯಾಮೆರಾಕ್ಕೆ ಇನ್ಫ್ರಾರೆಡ್ ಇಲ್ಲವಲ್ಲ, ಧೂಳನ್ನು ಒಂದೊಂದೇ ಚುಕ್ಕೆ ಕೈಯಿಂದ ತೆಗೆಯಬೇಕು. ಫ್ರೇಮಿಗೆ ಐದು ನಿಮಿಷ ಅಂದರೂ 1,400ಕ್ಕೆ 116 ಗಂಟೆಯ ಮೇಲೆ. ಬೂಷ್ಟು ಇದ್ದರೆ ಐದಕ್ಕೆ ಮುಗಿಯೋದಿಲ್ಲ.

ಶಿರಸಿ_ಡಾರ್ಕ್‌ರೂಮ್:

ಹಾಗಿದ್ದರೆ 35ಕ್ಕೆ ಇಲ್ಲೇ ಕೊಂಡ ಹೊಸ 8200ಐ, 120ಕ್ಕೆ ಕ್ಯಾಮೆರಾ. ನಿಮ್ಮ ಲೆಕ್ಕಕ್ಕೆ ನನ್ನ ಅಭಿಪ್ರಾಯ ಅದೇ.

ಇಲ್ಲಿಯ ಮಾಲು ಹೌದಾ ಅಂತ ಡಬ್ಬ ನೋಡಿದರೆ ಗೊತ್ತಾಗುತ್ತದೆ. ಪ್ಯಾಕೇಟ್ ಮಾಡಿದ ಆಮದು ಸಾಮಾನಿನ ಮೇಲೆ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ಗ್ರಾಹಕ ದೂರು ನಂಬರ್ ಇರಲೇಬೇಕು ಅನ್ನೋದು 2011ರ ಪ್ಯಾಕೇಜ್ ಸಾಮಾನುಗಳ ನಿಯಮ. ಯಂತ್ರದ ತಳದ ಲೇಬಲ್‌ನಲ್ಲಿ ಬಿಐಎಸ್ ಗುರುತು, ‘ಆರ್’ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ. ಇವಿಲ್ಲದೆ ಬರೀ ಜಪಾನಿ ಅಥವಾ ಅರಬ್ಬಿ ಅಕ್ಷರದ ಸ್ಟಿಕ್ಕರ್ ಇದ್ದರೆ ಯಾರೋ ಹೊತ್ತು ತಂದ ಮಾಲು, ವಾರಂಟಿ ಮಾರಿದವನ ಬಾಯಿಮಾತು ಮಾತ್ರ. ಆರ್ಡರ್ ಮುಂಚೆ ಈ ಎರಡು ಲೇಬಲ್‌ನ ಫೋಟೋ ಕೇಳಿ. ಜಿಎಸ್‌ಟಿ ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಬರೆಸಿ. ಸ್ಟುಡಿಯೋ ಜಿಎಸ್‌ಟಿ ನೋಂದಣಿ ಇದ್ದರೆ ಅದರ ನಂಬರಿಗೇ ಬಿಲ್ ಮಾಡಿಸಿ, ತೆರಿಗೆ ಕ್ರೆಡಿಟ್ ಸಿಗುತ್ತದೆ. ಸ್ವಂತ ಬಳಕೆಗೆ ಅಂತ ಹೊರಗಿಂದ ತರಿಸಿದ್ದಕ್ಕೆ ಅದು ಸಿಗೋದಿಲ್ಲ.

ಇಲ್ಲಿ ಅಂಗಡಿಯವರು ‘ಎಪ್ಸನ್ ಸ್ಕ್ಯಾನರ್ ಇದೆ’ ಅಂತ ವಿ39 ತೋರಿಸಿದರೆ ಮೋಸ ಹೋಗಬೇಡಿ. ಅದರ ಮುಚ್ಚಳದಲ್ಲಿ ಬೆಳಕಿಲ್ಲ, ಕಾಗದ ಮಾತ್ರ ಸ್ಕ್ಯಾನ್ ಆಗುತ್ತದೆ. ಈಗಿನ ಕ್ಯಾನನ್ ಲೈಡ್ ಕೂಡ ಹಾಗೇ. ‘22 ಮೆಗಾಪಿಕ್ಸೆಲ್’ ಅಂತ ಬರೆದ ಪುಟ್ಟ ಪರದೆಯ ಡಬ್ಬಿಗಳು ಜೆಪೆಗ್ ಬಿಟ್ಟು ಬೇರೇನೂ ಕೊಡೋದಿಲ್ಲ, ಅವು ಆಟಿಕೆ.

8200ಐ ಬಂದ ಮೇಲೆ: ಇದಕ್ಕೆ ಆಟೋಫೋಕಸ್ ಇಲ್ಲ. ಫಿಲ್ಮ್ ಬಾಗಿದ್ದರೆ ನಡುಭಾಗ ಮಸುಕಾಗುತ್ತದೆ. ಹೋಲ್ಡರಿನಲ್ಲಿ ಆರು ಫ್ರೇಮಿನ ಪಟ್ಟಿ ಅಥವಾ ನಾಲ್ಕು ಸ್ಲೈಡ್, ಪ್ರತಿ ಫ್ರೇಮಿಗೂ ಕೈಯಿಂದ ಮುಂದೆ ತಳ್ಳಬೇಕು. 3600ನಲ್ಲಿ ಒಂದು ಫ್ರೇಮ್ 5102×3402, 48 ಬಿಟ್ ಟಿಫ್ ಸುಮಾರು 104 ಎಂಬಿ. 8×12ಕ್ಕೆ ಇದು ಧಾರಾಳ. ಗೋಡೆಯವನ್ನು ಮಾತ್ರ 7200ನಲ್ಲಿ ಸ್ಕ್ಯಾನ್ ಮಾಡಿ ಅರ್ಧಕ್ಕೆ ಇಳಿಸಿ. ಪೂರ್ತಿ ವಿವರ ಹೊರಬರೋದು ಹಾಗೆಯೇ, ಫೈಲ್ ಮಾತ್ರ 400 ಎಂಬಿ ದಾಟುತ್ತದೆ. ಇನ್ಫ್ರಾರೆಡ್ ಅಂದ್ರೆ ಇನ್ನೊಂದು ಸುತ್ತು ಓಡಬೇಕು. ಕೈ ಕೆಲಸ ಸೇರಿ ಫ್ರೇಮಿಗೆ ಮೂರು ನಿಮಿಷ ಹಿಡಿಯಿರಿ, 70 ಗಂಟೆ ಕೆಲಸ. ಆ ಎರಡು ಸುತ್ತಿನ ನಡುವೆ ಮೇಜು ಅಲುಗಿದರೆ ಧೂಳಿನ ನಕ್ಷೆ ಪಕ್ಕಕ್ಕೆ ಸರಿದು ಕಲೆಗಳ ಬದಿಗೆ ಬಿಳಿ ಅಂಚು ಮೂಡುತ್ತದೆ. ಕರೆಂಟ್ ಹೋದರೂ ಆ ಫ್ರೇಮ್ ಹೋಯಿತು, ಹಾಗಾಗಿ ಸ್ಕ್ಯಾನರ್ ಮತ್ತು ಕಂಪ್ಯೂಟರ್ ಎರಡೂ ಯುಪಿಎಸ್ ಮೇಲಿರಲಿ.

ಅಘನಾಶಿನಿ_ಫ್ರೇಮ್:

ತಡವಾಗಿ ಬಂದೆ. ಸೆಕೆಂಡ್ ಹ್ಯಾಂಡ್ ಬಗ್ಗೆ ಎರಡು ಮಾತು ಉಳಿದಿದೆ. ಇಲ್ಲೇ, ದೇಶದೊಳಗೆ, ಯಾರಾದರೂ ಕೂಲ್‌ಸ್ಕ್ಯಾನ್ ಮಾರ್ತಿದ್ದರೆ ಕಸ್ಟಮ್ಸ್ ತಲೆನೋವಿಲ್ಲ, ಆಗ ನೋಡಬಹುದು.

ನೋಡೋಕೆ ಹೋದಾಗ ಕೇಳಬೇಕಾದ್ದು ಅಡಾಪ್ಟರ್. ಪಟ್ಟಿ ಹಾಕೋ ಎಸ್‌ಎ-21, ಸ್ಲೈಡ್ ಹಾಕೋ ಎಂಎ-21, ಎರಡೂ ಇರಬೇಕು. ಎಸ್‌ಎ-21 ಬಿಡಿ ಫ್ರೇಮ್ ಹಿಡಿಯೋದಿಲ್ಲ, ಎರಡರಿಂದ ಆರು ಫ್ರೇಮಿನ ತುಂಡು ಬೇಕು. ಸ್ಟುಡಿಯೋದವರು ಪಾಸ್‌ಪೋರ್ಟ್ ಫೋಟೋಕ್ಕೆ ಅಂತ ಒಂದೊಂದೇ ಕತ್ತರಿಸಿಟ್ಟದ್ದಕ್ಕೆ ಎಫ್‌ಎಚ್-3 ಹೋಲ್ಡರ್ ಬೇಕು. ನಿಕಾನ್ ಸ್ಕ್ಯಾನ್ ಸಾಫ್ಟ್‌ವೇರ್ ವಿಸ್ಟಾದಾಚೆ ಬೆಳೆಯಲಿಲ್ಲ, ಈಗಿನ ವಿಂಡೋಸ್‌ಗೆ ವ್ಯೂಸ್ಕ್ಯಾನ್ ಅನ್ನೋ ಬೇರೆ ಸಾಫ್ಟ್‌ವೇರ್ ಕೊಳ್ಳಬೇಕು, ಅದನ್ನೂ ಬೆಲೆಗೆ ಸೇರಿಸಿ. ಎಲ್‌ಎಸ್-30, ಎಲ್‌ಎಸ್-2000 ಅನ್ನೋ ಹಳೇ ಕೂಲ್‌ಸ್ಕ್ಯಾನ್‌ಗಳಿಗೆ ಈಗಿನ ಕಂಪ್ಯೂಟರಿನಲ್ಲಿ ಇಲ್ಲದ ಸ್ಕಸಿ ಕೇಬಲ್ ಬೇಕು, ಉಚಿತವಾಗಿ ಕೊಟ್ಟರೂ ಬೇಡ.

ಒಂದು ಪರೀಕ್ಷೆ ಅಲ್ಲೇ ಮಾಡಿ. ಸ್ಲೈಡ್ ಮೌಂಟಿಗೆ ಕಪ್ಪು ರಟ್ಟಿನ ತುಂಡು ಅರ್ಧ ಮುಚ್ಚಿ, ಇನ್ನರ್ಧ ಖಾಲಿ ಬಿಟ್ಟು ಸ್ಕ್ಯಾನ್ ಮಾಡಿ. ಕಪ್ಪು-ಬಿಳಿ ಸೇರೋ ಗೆರೆ ಚೂರಿಯ ಹಾಗೆ ಇದ್ದರೆ ಒಳಗಿನ ಕನ್ನಡಿ ಸ್ವಚ್ಛ. ಬಿಳಿ ಕಡೆಯಿಂದ ಕಪ್ಪಿನೊಳಗೆ ಮಂಜಿನಂತೆ ಬೆಳಕು ಹರಿದಿದ್ದರೆ ಕನ್ನಡಿಗೆ ಪೊರೆ ಕಟ್ಟಿದೆ. ಕರಾವಳಿಯಲ್ಲಿ ವರ್ಷಗಟ್ಟಲೆ ಕಪಾಟಿನಲ್ಲಿದ್ದ ಯಂತ್ರಕ್ಕೆ ಇದು ಮಾಮೂಲು. ಬಿಚ್ಚಿ ಒರೆಸಬಹುದು, ಆದರೆ ಕನ್ನಡಿಯ ಲೇಪ ಮುಂಬದಿಯಲ್ಲೇ ಇರೋದರಿಂದ ಒತ್ತಿ ಒರೆಸಿದರೆ ಗೀರು ಶಾಶ್ವತ. ಉದ್ದುದ್ದ ಗೆರೆ ಪ್ರತಿ ಸ್ಕ್ಯಾನಿನಲ್ಲೂ ಒಂದೇ ಜಾಗದಲ್ಲಿ ಬಂದರೆ ಸೆನ್ಸಾರಿನ ದಾರಿಯಲ್ಲಿ ಧೂಳು. ಎಪ್ಸನ್ ಫ್ಲಾಟ್‌ಬೆಡ್‌ನಲ್ಲಿ ಹಾಗೆ ಗೆರೆ ಬಂದರೆ ಮೊದಲು ಗಾಜಿನ ತುದಿಯ ಕ್ಯಾಲಿಬ್ರೇಶನ್ ಪಟ್ಟಿ ಒರೆಸಿ, ಹತ್ತರಲ್ಲಿ ಒಂಬತ್ತು ಸಲ ಅಲ್ಲೇ ಒಂದು ಕೂದಲೆಳೆ ಇರುತ್ತದೆ.

ಎಲ್ಲಿಂದ ಕೊಂಡರೂ ಇಲ್ಲಿಯ ಮಳೆಗಾಲ ಒಂದೇ. ರಬ್ಬರ್ ಅಂಚಿನ ಮುಚ್ಚಳದ ಪ್ಲಾಸ್ಟಿಕ್ ಡಬ್ಬ, ಒಳಗೆ ಅರ್ಧ ಕಿಲೋ ಸಿಲಿಕಾ ಜೆಲ್, ಒಂದು ಸಣ್ಣ ಹೈಗ್ರೋಮೀಟರ್ (ಗಾಳಿಯ ತೇವ ಅಳೆಯೋದು). ತೇವಾಂಶ ಶೇ. 40ರಿಂದ 50ರೊಳಗಿರಲಿ, 60 ದಾಟಿದರೆ ಬೂಷ್ಟಿಗೆ ಹಬ್ಬ. ನೀಲಿ ಮಣಿ ಗುಲಾಬಿಯಾದಾಗ ಓವನ್‌ನಲ್ಲಿ 110-120 ಡಿಗ್ರಿಗೆ ಎರಡು ತಾಸು ಕಾಯಿಸಿ ಮತ್ತೆ ಹಾಕಿ. ಅಡುಗೆಯ ಪಾತ್ರೆ ಬಳಸಬೇಡಿ, ನೀಲಿ ಮಣಿಯಲ್ಲಿ ಕೋಬಾಲ್ಟ್ ಇರುತ್ತದೆ. ಎಸಿ ಕೋಣೆಯಿಂದ ಹೊರತಂದ ಯಂತ್ರವನ್ನು ತಕ್ಷಣ ಹಚ್ಚಬೇಡಿ, ಗಾಜಿನ ಮೇಲೆ ಇಬ್ಬನಿ ಕೂರುತ್ತದೆ.

ಕಾಳಿ_ದಂಡೆ:

ಇಲ್ಲೇ 8200ಐ ಹೇಳಿಬಿಡ್ತೇನೆ, ಲೇಬಲ್ ಫೋಟೋ ತರಿಸಿ ನೋಡಿ. ಬೂಷ್ಟು ಹಿಡಿದ ಪಟ್ಟಿಗಳನ್ನು ತೊಳೆದು ಸ್ಕ್ಯಾನ್ ಮಾಡಬಹುದಾ? ಕೆಲವು ಕವರಿಗೇ ಅಂಟಿಕೊಂಡಿವೆ.

ಅಘನಾಶಿನಿ_ಫ್ರೇಮ್:

ನೀರು ಮುಟ್ಟಿಸಲೇಬೇಡಿ. ಬೂಷ್ಟು ತಿಂದ ಜಿಲೆಟಿನ್ (ಚಿತ್ರ ಹಿಡಿದಿಡೋ ಪದರ) ನೀರಲ್ಲಿ ಕರಗೋ ಹಂತಕ್ಕೆ ಬಂದಿರುತ್ತದೆ, ತೊಳೆದರೆ ಚಿತ್ರವೇ ಜಾರಿ ಹೋಗುತ್ತದೆ. ಮೊದಲು ಗಾಳಿ ಬುರುಡೆಯಿಂದ ಊದಿ. ಹೊಳೆಯೋ ಬದಿ, ಅಂದ್ರೆ ಬೆನ್ನಿಗೆ, 99 ಪರ್ಸೆಂಟ್ ಐಸೊಪ್ರೊಪೈಲ್ ಆಲ್ಕೊಹಾಲ್ ಹತ್ತಿಯಲ್ಲಿ ಸವರಬಹುದು. ಮೆಡಿಕಲ್ ಅಂಗಡಿಯ 70ರದ್ದು ಬೇಡ, ಉಳಿದ 30 ನೀರೇ. ಮಂಕು ಬದಿಯನ್ನು, ಅಂದ್ರೆ ಚಿತ್ರದ ಪದರ (ಎಮಲ್ಶನ್) ಇರೋ ಕಡೆಯನ್ನು, ಹಾಗೇ ಬಿಟ್ಟು ಸ್ಕ್ಯಾನ್ ಮಾಡಿ. ಇನ್ಫ್ರಾರೆಡ್ ಅರ್ಧ ಬೂಷ್ಟು ತೆಗೆಯುತ್ತದೆ, ಎಮಲ್ಶನ್ ಕೊರೆದ ಜೇಡರಬಲೆ ಗುರುತು ಉಳಿಯುತ್ತದೆ.

ಕವರಿಗೆ ಅಂಟಿದ್ದನ್ನು ಎಳೆಯಬೇಡಿ. ಸಿಲಿಕಾ ಡಬ್ಬದಲ್ಲಿ ಒಂದು ವಾರ ಇಟ್ಟು ನೋಡಿ, ಒಣಗಿದ ಮೇಲೆ ಕೆಲವು ತಾವೇ ಬಿಡುತ್ತವೆ. ಬಿಡದಿದ್ದರೆ ಕವರ್ ಸಮೇತ ಕ್ಯಾಮೆರಾದಲ್ಲಿ ತೆಗೆದಿಡಿ, ಪ್ಲಸ್‌ಟೆಕ್ ಹೋಲ್ಡರಿಗೆ ಅದು ಹಿಡಿಸೋದಿಲ್ಲ. ಡಬ್ಬ ತೆರೆದಾಗ ಹುಳಿ, ವಿನೆಗರ್ ವಾಸನೆ ಬರೋ ಪಟ್ಟಿಗಳಿದ್ದರೆ ಅವನ್ನು ಬೇರೆ ಡಬ್ಬಕ್ಕೆ ಹಾಕಿ, ಅದರ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಸ್ಕ್ಯಾನ್ ಶುರು ಮಾಡೋದು ಅವುಗಳಿಂದಲೇ.